ಮಾಡಿನ ಮೇಲಿನ ಸೋಲಾರ್: ಎಷ್ಟು ಕಿಲೋವ್ಯಾಟ್ ಇದ್ದರೆ ಸಾಕು?

ಏಪ್ರಿಲ್, ಮೇ ತಿಂಗಳ ಕರೆಂಟ್ ಬಿಲ್ ಕೈಗೆ ಬಂದಾಗ ಉಳ್ಳಾಲ, ತೊಕ್ಕೊಟ್ಟಿನ ಯಾವ ಮನೆಯಲ್ಲಿ ಮಾತುಕತೆ ಆಗುವುದಿಲ್ಲ ಹೇಳಿ? ಕಡಲ ತೀರದ ಸೆಖೆಗೆ ಫ್ಯಾನ್ ಹಗಲೂ ರಾತ್ರಿ ತಿರುಗಲೇಬೇಕು. ರಾತ್ರಿ ಮಕ್ಕಳ ಕೋಣೆಯಲ್ಲಿ ಏಸಿ ಬೇಕು. ಬಾವಿಯ ಪಂಪು, ಫ್ರಿಜ್ಜು, ವಾಷಿಂಗ್ ಮೆಷಿನ್ನು ಅಂತ ಮೀಟರ್ ಓಡುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಬಾಗಿಲಿಗೆ ಸೋಲಾರ್ ಕಂಪನಿಯ ಹುಡುಗರು ಬರುತ್ತಾರೆ. “ನಿಮ್ಮ ಟೆರೇಸ್ ಇಷ್ಟು ದೊಡ್ಡದಿದೆ ಅಕ್ಕ, ಐದು ಕಿಲೋವ್ಯಾಟ್ ಹಾಕಿಸಿಬಿಡಿ, ಸಬ್ಸಿಡಿ ಉಂಟು” ಎನ್ನುತ್ತಾರೆ. ಪಕ್ಕದ ಮನೆಯವರು ಮೂರು ಹಾಕಿಸಿದ್ದಾರೆ, ಅತ್ತಿಗೆಯ ಮನೆಯಲ್ಲಿ ಎರಡು. ಹಾಗಾದರೆ ನಮಗೆ ಎಷ್ಟು?

ಉತ್ತರ ಟೆರೇಸಿನ ಅಳತೆಯಲ್ಲಿಲ್ಲ, ಪಕ್ಕದ ಮನೆಯಲ್ಲೂ ಇಲ್ಲ. ಅದು ನಿಮ್ಮದೇ ಹನ್ನೆರಡು ತಿಂಗಳ ಬಿಲ್ಲಿನಲ್ಲಿದೆ. ಮನೆಯಲ್ಲಿ ಯಾವ ಸ್ವಿಚ್ ಎಷ್ಟು ಹೊತ್ತು ಆನ್ ಇರುತ್ತದೆ ಎನ್ನುವುದು ಗೃಹಿಣಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಈ ಲೆಕ್ಕವನ್ನು ಬೇರೆಯವರಿಗೆ ಬಿಟ್ಟುಕೊಡದೆ ನೀವೇ ಹಾಕಿ ನೋಡಿ. ಕಷ್ಟವೇನಿಲ್ಲ. ಒಂದು ಪೆನ್ನು, ಒಂದು ಹಾಳೆ, ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು.

ಕಿಲೋವ್ಯಾಟ್ ಬೇರೆ, ಯುನಿಟ್ ಬೇರೆ

ಹೆಚ್ಚಿನವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ನಲ್ಲಿಯಿಂದ ನೀರು ಎಷ್ಟು ರಭಸವಾಗಿ ಬರುತ್ತದೆ ಎನ್ನುವುದು ಒಂದು ಮಾತು, ಕೊನೆಗೆ ಕೊಡದಲ್ಲಿ ಎಷ್ಟು ನೀರು ತುಂಬಿತು ಎನ್ನುವುದು ಇನ್ನೊಂದು ಮಾತು, ಅಲ್ವಾ? ಕಿಲೋವ್ಯಾಟ್ ಎಂದರೆ ರಭಸ. ಯುನಿಟ್ ಎಂದರೆ ಕೊಡದ ನೀರು. ಒಂದು ಸಾವಿರ ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಕಾದರೆ ಒಂದು ಯುನಿಟ್ ಖರ್ಚು. ಮೆಸ್ಕಾಂ ನಮಗೆ ಬಿಲ್ ಹಾಕುವುದು ಯುನಿಟ್ ಲೆಕ್ಕದಲ್ಲಿ. ಸೋಲಾರ್ ಕಂಪನಿಯವರು ಮಾರುವುದು ಕಿಲೋವ್ಯಾಟ್ ಲೆಕ್ಕದಲ್ಲಿ. ಇವೆರಡನ್ನೂ ಹೊಂದಿಸುವುದೇ ನಮ್ಮ ಕೆಲಸ.

ಒಂದು ಕಿಲೋವ್ಯಾಟ್‌ನ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯುನಿಟ್ ಕೊಡುತ್ತದೆ ಎನ್ನುವುದು ಸಾಮಾನ್ಯವಾಗಿ ಎಲ್ಲರೂ ಹೇಳುವ ಲೆಕ್ಕ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ದೊಡ್ಡ ಸೋಲಾರ್ ಪಾರ್ಕ್ ಇದೆ. ಅದು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಸೀಮೆ. ನಮ್ಮದು ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಮೋಡ ಸರಿಯುವುದೇ ಅಪರೂಪ. ಜುಲೈ ತಿಂಗಳ ಉತ್ಪಾದನೆ ಮಾರ್ಚ್ ತಿಂಗಳ ಅರ್ಧದಷ್ಟಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಮೇಲಿಂದ ಅಲ್ಲಲ್ಲಿ ತೆಂಗಿನ ಗರಿಯ ನೆರಳು. ಆದ್ದರಿಂದ ನಮ್ಮ ಕಡೆಯವರು ಸ್ವಲ್ಪ ಕೈ ಬಿಗಿ ಹಿಡಿದು, ಒಂದು ಕಿಲೋವ್ಯಾಟ್‌ಗೆ ತಿಂಗಳಿಗೆ 100 ಯುನಿಟ್, ವರ್ಷಕ್ಕೆ 1,200 ಯುನಿಟ್ ಎಂದು ಹಿಡಿದರೆ ಮೋಸವಿಲ್ಲ. ಇದಕ್ಕಿಂತ ಹೆಚ್ಚು ಬಂದರೆ ಲಾಭವೇ.

ಬಿಲ್ ತೆಗೆದಿಟ್ಟಿದ್ದೀರಾ?

ಮೆಸ್ಕಾಂ ಬಿಲ್ಲಿನ ಕಾಗದದ ಅಕ್ಷರ ನಾಲ್ಕೈದು ತಿಂಗಳಲ್ಲಿ ಮಾಸಿ ಹೋಗುತ್ತದೆ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಯುನಿಟ್ ಬರೆದಿಡುವುದು ಒಳ್ಳೆಯ ಅಭ್ಯಾಸ. ಬರೆದಿಡದಿದ್ದರೂ ಪರವಾಗಿಲ್ಲ. ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಕೊಟ್ಟು ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿದರೆ ಹಿಂದಿನ ತಿಂಗಳುಗಳ ಬಳಕೆ ತಿಳಿಯುತ್ತದೆ. ನೋಡಬೇಕಾದ್ದು ರೂಪಾಯಿಯನ್ನಲ್ಲ, ಯುನಿಟ್ಟನ್ನು.

ಒಂದು ಉದಾಹರಣೆ ನೋಡೋಣ. ಐದು ಜನರ ಮನೆ, ಒಂದು ಏಸಿ ಇದೆ ಎಂದುಕೊಳ್ಳಿ. ಏಪ್ರಿಲ್‌ನಲ್ಲಿ 420 ಯುನಿಟ್, ಮೇಯಲ್ಲಿ 440, ಜೂನ್‌ನಲ್ಲಿ 290, ಜುಲೈ 240, ಆಗಸ್ಟ್ 230, ಸೆಪ್ಟೆಂಬರ್ 240, ಅಕ್ಟೋಬರ್ 280, ನವೆಂಬರ್ 290, ಡಿಸೆಂಬರ್ ಮತ್ತು ಜನವರಿ ತಲಾ 270, ಫೆಬ್ರವರಿ 300, ಮಾರ್ಚ್ 370. ಕೂಡಿದರೆ ವರ್ಷಕ್ಕೆ 3,640 ಯುನಿಟ್. 1,200ರಿಂದ ಭಾಗಿಸಿದರೆ 3 ಕಿಲೋವ್ಯಾಟ್.

ಮೇ ತಿಂಗಳ ಬಿಲ್ ಒಂದನ್ನೇ ಹಿಡಿದುಕೊಂಡು ಅಂಗಡಿಗೆ ಹೋದರೆ ಏನಾಗುತ್ತದೆ? 440 ಯುನಿಟ್ ನೋಡಿ “ನಿಮಗೆ ಐದು ಬೇಕು” ಎನ್ನುತ್ತಾರೆ. ಆಗಸ್ಟ್ ಬಿಲ್ ಹಿಡಿದು ಹೋದರೆ ಎರಡೇ ಸಾಕು ಎನಿಸುತ್ತದೆ. ಎರಡೂ ತಪ್ಪು. ಇಡೀ ವರ್ಷ ನೋಡಿದರೆ ಮಾತ್ರ ಸರಿಯಾದ ಚಿತ್ರ ಸಿಗುತ್ತದೆ.

ಮೊದಲು ಬಳಕೆ ಇಳಿಸಿ, ಆಮೇಲೆ ಅಳತೆ ಹಾಕಿ

ದೊಗಳೆ ರವಿಕೆ ಹೊಲಿಸಿ ಆಮೇಲೆ ಒಳಗೆ ಹೊಲಿಗೆ ಹಾಕುವುದಕ್ಕಿಂತ ಮೊದಲೇ ಸರಿಯಾದ ಅಳತೆ ಕೊಡುವುದು ಒಳ್ಳೆಯದಲ್ಲವೇ? ಹಾಗೆಯೇ ಇದು. ಹಳೆಯ ಸೀಲಿಂಗ್ ಫ್ಯಾನ್ ಒಂದು ಸುಮಾರು 75 ವ್ಯಾಟ್ ಎಳೆಯುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಸಾಕು. ಮನೆಯಲ್ಲಿ ಐದು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ದಿನಕ್ಕೆ ಎರಡೂಕಾಲು ಯುನಿಟ್, ತಿಂಗಳಿಗೆ ಸುಮಾರು 67 ಯುನಿಟ್ ಉಳಿತಾಯ. ವರ್ಷಕ್ಕೆ 800 ಯುನಿಟ್! ನಮ್ಮ ಉದಾಹರಣೆಯ ಮನೆಯ 3,640 ಯುನಿಟ್ ಆಗ 2,840ಕ್ಕೆ ಇಳಿಯಿತು. ಮೂರರ ಬದಲು ಎರಡೂವರೆ ಕಿಲೋವ್ಯಾಟ್‌ಗೂ ಕಡಿಮೆಯೇ ಸಾಕಾಯಿತು.

ನೀರು ಕಾಯಿಸುವುದಕ್ಕೆ ಗೀಸರ್ ಬಳಸುವವರು ಸೋಲಾರ್ ವಾಟರ್ ಹೀಟರ್ ಬಗ್ಗೆಯೂ ಯೋಚಿಸಬಹುದು. 2,000 ವ್ಯಾಟ್‌ನ ಗೀಸರ್ ಒಂದು ಗಂಟೆ ಉರಿದರೆ ಎರಡು ಯುನಿಟ್ ಹೋಯಿತು. ಉಳಿದಿರುವ ಟ್ಯೂಬ್‌ಲೈಟ್‌ಗಳನ್ನು ಎಲ್‌ಇಡಿಗೆ ಬದಲಿಸಿ. ಬಾಗಿಲಿನ ರಬ್ಬರ್ ಸಡಿಲವಾದ ಹಳೆಯ ಫ್ರಿಜ್ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಮುಂದೆ ಬರುವ ಖರ್ಚನ್ನೂ ಸೇರಿಸಿ. ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಯೋಚನೆ ಉಂಟಾ? ಒಂದು ಸಲ ಪೂರ್ತಿ ಚಾರ್ಜ್ ಮಾಡಲು ಸುಮಾರು 3 ಯುನಿಟ್. ಎರಡು ದಿನಕ್ಕೊಮ್ಮೆ ಆದರೆ ತಿಂಗಳಿಗೆ 45. ಗ್ಯಾಸ್ ಉಳಿಸಲು ಇಂಡಕ್ಷನ್ ಒಲೆ ಹೆಚ್ಚು ಬಳಸುವ ಅಂದಾಜಿದ್ದರೆ ಅದೂ ಸೇರಲಿ. ಅತ್ತ ಮಗಳು ಮದುವೆಯಾಗಿ ಹೋಗುವವಳಿದ್ದರೆ, ಮಗ ಗಲ್ಫ್‌ಗೆ ಹೊರಟಿದ್ದರೆ ಬಳಕೆ ಇಳಿಯುತ್ತದೆ ಎನ್ನುವುದನ್ನೂ ಮರೆಯಬೇಡಿ. ಪ್ಯಾನೆಲ್ ಕುಳಿತುಕೊಳ್ಳುವುದು ಇಪ್ಪತ್ತೈದು ವರ್ಷಕ್ಕೆ.

ದೊಡ್ಡದು ಹಾಕಿದರೆ ಲಾಭ ಹೆಚ್ಚಲ್ಲವೇ?

“ಹೆಚ್ಚಾದ ಕರೆಂಟನ್ನು ಮೆಸ್ಕಾಂಗೆ ಮಾರಿದರಾಯಿತು, ಮನೆಯಲ್ಲಿ ಕೂತು ಸಂಪಾದನೆ” ಎನ್ನುವ ಮಾತು ಕೇಳಲು ಚೆಂದ. ಗ್ರಿಡ್‌ಗೆ ಜೋಡಿಸಿದ ಸೋಲಾರ್‌ಗೆ ಎರಡೂ ಕಡೆ ಲೆಕ್ಕ ಇಡುವ ನೆಟ್ ಮೀಟರ್ ಹಾಕುತ್ತಾರೆ. ಹಗಲಲ್ಲಿ ನಾವು ಬಳಸಿ ಮಿಕ್ಕಿದ್ದು ಮೆಸ್ಕಾಂ ತಂತಿಗೆ ಹೋಗುತ್ತದೆ, ರಾತ್ರಿ ನಮಗೆ ಬೇಕಾದ್ದು ಅಲ್ಲಿಂದ ಬರುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದು ಉಳಿದದ್ದಕ್ಕೆ ಬಿಲ್. ಇಲ್ಲಿಯವರೆಗೆ ಒಂದು ಯುನಿಟ್‌ಗೆ ಒಂದು ಯುನಿಟ್ ಸಮ.

ಆದರೆ ಕೊಟ್ಟದ್ದು ಪಡೆದದ್ದಕ್ಕಿಂತ ಹೆಚ್ಚಾದರೆ, ಆ ಹೆಚ್ಚಿನ ಯುನಿಟ್‌ಗೆ ಸಿಗುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ ಬೇರೆಯೇ ದರ. ಅದು ನಾವು ಕೊಳ್ಳುವ ದರಕ್ಕಿಂತ ಸಾಕಷ್ಟು ಕಡಿಮೆ. ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ.

ಅಂದಾಜು ಲೆಕ್ಕ ಹಾಕೋಣ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಯ ಯುನಿಟ್‌ಗೆ 5 ರೂಪಾಯಿ 80 ಪೈಸೆ. ತಿಂಗಳಿಗೆ 300 ಯುನಿಟ್ ಬಳಸುವ ಮನೆಗೆ 3 ಕಿಲೋವ್ಯಾಟ್ ಹಾಕಿಸಲು 1 ಲಕ್ಷ 90 ಸಾವಿರ ಆಯಿತು ಎನ್ನಿ. ಸಬ್ಸಿಡಿ 78 ಸಾವಿರ ಕಳೆದರೆ ಕೈಯಿಂದ ಹೋದದ್ದು 1 ಲಕ್ಷ 12 ಸಾವಿರ. ತಿಂಗಳಿಗೆ ಉಳಿಯುವುದು 1,740 ರೂಪಾಯಿ, ವರ್ಷಕ್ಕೆ ಸುಮಾರು 20,900. ಐದೂವರೆ ವರ್ಷದಲ್ಲಿ ಹಾಕಿದ ಹಣ ವಾಪಸು.

ಅದೇ ಮನೆಗೆ 5 ಕಿಲೋವ್ಯಾಟ್ ಹಾಕಿಸಿದರೆ? 3 ಲಕ್ಷ ಖರ್ಚು ಎಂದುಕೊಂಡರೂ ಸಬ್ಸಿಡಿ ಅದೇ 78 ಸಾವಿರ. ಅಂದರೆ ಹೆಚ್ಚುವರಿ ಎರಡು ಕಿಲೋವ್ಯಾಟ್‌ಗೆ ಪೂರ್ತಿ 1 ಲಕ್ಷ 10 ಸಾವಿರ ನಮ್ಮ ಕೈಯಿಂದಲೇ ಹೋಯಿತು. ಅದರಿಂದ ಬರುವ ತಿಂಗಳ 200 ಯುನಿಟ್ ನಮಗೆ ಬೇಡದ ಯುನಿಟ್. ಯುನಿಟ್‌ಗೆ ಎರಡೂವರೆ ರೂಪಾಯಿ ಸಿಕ್ಕಿತು ಎಂದಿಟ್ಟುಕೊಂಡರೂ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ. ಆ ಹೆಚ್ಚುವರಿ ಹಣ ಮರಳಲು ಹದಿನೆಂಟು ವರ್ಷ ಕಾಯಬೇಕು! ಅದೇ ದುಡ್ಡನ್ನು ಅಂಚೆ ಕಚೇರಿಯಲ್ಲಿ ಇಟ್ಟರೂ ಇದಕ್ಕಿಂತ ವಾಸಿ.

ಹಾಗಾಗಿ ಇಡೀ ವರ್ಷದ ಬಳಕೆಗೆ ಸಮ, ಇಲ್ಲವೇ ಅದಕ್ಕಿಂತ ಸ್ವಲ್ಪ ಕಡಿಮೆ. ಇದೇ ಸರಿಯಾದ ಅಳತೆ. ಚೀಟಿ ಹಣವನ್ನೋ, ಕೈಬಳೆ ಅಡವಿಟ್ಟ ಹಣವನ್ನೋ ಬೇಡದ ಎರಡು ಕಿಲೋವ್ಯಾಟ್‌ಗೆ ಸುರಿಯಬೇಡಿ.

ಸಬ್ಸಿಡಿ ಎಷ್ಟು, ಯಾರಿಗೆ?

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ‘ಪಿಎಂ ಸೂರ್ಯಘರ್’ ಯೋಜನೆ 2026-27ರವರೆಗೆ ಎಂದು ನಿಗದಿಯಾಗಿದೆ. ಇದರಲ್ಲಿ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ. ಮೂರರ ನಂತರ ಒಂದು ಪೈಸೆಯೂ ಹೆಚ್ಚಿಲ್ಲ ಎನ್ನುವುದನ್ನು ಗಮನಿಸಿ. ತಿಂಗಳಿಗೆ 150 ಯುನಿಟ್‌ವರೆಗೆ ಬಳಸುವ ಮನೆಗೆ 1ರಿಂದ 2 ಕಿಲೋವ್ಯಾಟ್, 150ರಿಂದ 300 ಬಳಸುವವರಿಗೆ 2ರಿಂದ 3, ಅದಕ್ಕೂ ಮೇಲಿನವರಿಗೆ 3ಕ್ಕಿಂತ ಹೆಚ್ಚು ಎಂದು ಯೋಜನೆಯೇ ಒಂದು ಅಂದಾಜು ಕೊಟ್ಟಿದೆ. ನಮ್ಮ ಲೆಕ್ಕವೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ.

ಯೋಜನೆಯ ಹೆಸರಿನಲ್ಲಿ ‘ಉಚಿತ ವಿದ್ಯುತ್’ ಎಂದಿದ್ದರೂ ಸರ್ಕಾರ ಪುಕ್ಕಟೆ ಕರೆಂಟ್ ಕಳಿಸುತ್ತದೆ ಎಂದು ಅರ್ಥವಲ್ಲ. ನಮ್ಮ ಪ್ಯಾನೆಲ್ ಕೊಟ್ಟ ಕರೆಂಟ್ ನಮಗೆ ಉಚಿತ, ಅಷ್ಟೇ. ಸಬ್ಸಿಡಿ ಹಣ ಕೆಲಸ ಮುಗಿದು ಸಂಪರ್ಕ ಆದ ಮೇಲೆ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಅದನ್ನು ಪಡೆಯಲು ಯೋಜನೆಯ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು, ನೋಂದಾಯಿತ ಕಂಪನಿಯಿಂದಲೇ ಹಾಕಿಸಬೇಕು, ಪ್ಯಾನೆಲ್ ಭಾರತದಲ್ಲೇ ತಯಾರಾದದ್ದಾಗಿರಬೇಕು. “ಸಬ್ಸಿಡಿ ನಾವೇ ತೆಗೆಸಿಕೊಡ್ತೇವೆ, ಮೊದಲು ಇಷ್ಟು ದುಡ್ಡು ಕೊಡಿ” ಎಂದವರ ಹತ್ತಿರ ಎರಡು ಸಲ ಯೋಚಿಸಿ. ಸಾಲ ಬೇಕಿದ್ದವರಿಗೆ ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ 3 ಕಿಲೋವ್ಯಾಟ್‌ವರೆಗೆ ಜಾಮೀನಿಲ್ಲದ ಸಾಲದ ಸೌಲಭ್ಯವಿದೆ.

ದೇರಳಕಟ್ಟೆ, ತೊಕ್ಕೊಟ್ಟಿನ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಸ್ವಂತ ಮಾಡು ಇಲ್ಲ. ಅವರ ಸಂಘ ಲಿಫ್ಟ್, ನೀರಿನ ಪಂಪ್‌ನಂಥ ಸಾಮಾನ್ಯ ಬಳಕೆಗೆ ಹಾಕಿಸಿದರೆ ಕಿಲೋವ್ಯಾಟ್‌ಗೆ 18 ಸಾವಿರ ರೂಪಾಯಿ ಸಬ್ಸಿಡಿ ಇದೆ. ಮುಂದಿನ ಸಭೆಯಲ್ಲಿ ಮಾತು ತೆಗೆಯಬಹುದು.

ಗೃಹಜ್ಯೋತಿ ಬಿಲ್ ಸೊನ್ನೆ ಬರುವವರಿಗೆ

ಇದು ಬಹಳ ಮುಖ್ಯ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂತು. 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ, ಗರಿಷ್ಠ 200 ಯುನಿಟ್‌ವರೆಗೆ ಉಚಿತ ಎನ್ನುವ ಲೆಕ್ಕ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಮನೆಗೆ ವರ್ಷವಿಡೀ ಸೊನ್ನೆ ಬಿಲ್ ಬರುತ್ತಿದ್ದರೆ ಸೋಲಾರ್‌ನಿಂದ ಸದ್ಯಕ್ಕೆ ಉಳಿತಾಯ ಏನೂ ಇಲ್ಲ. ಉಳಿಸಲು ಬಿಲ್ಲೇ ಇಲ್ಲವಲ್ಲ! ಅಂಥವರ ಸರಿಯಾದ ಅಳತೆ ಈಗ ಸೊನ್ನೆ ಕಿಲೋವ್ಯಾಟ್ ಎಂದರೂ ತಪ್ಪಿಲ್ಲ.

ಏಪ್ರಿಲ್, ಮೇ ಎರಡು ತಿಂಗಳು ಮಾತ್ರ 200 ದಾಟುವವರು ಮೊದಲು ಫ್ಯಾನ್ ಬದಲಿಸಿ ನೋಡಿ. ಹದಿನೈದು ಸಾವಿರದ ಫ್ಯಾನ್‌ನಿಂದ ಆಗುವ ಕೆಲಸಕ್ಕೆ ಲಕ್ಷ ರೂಪಾಯಿ ಯಾಕೆ? ವರ್ಷಪೂರ್ತಿ 250, 300, 400 ಬಳಸುವವರಿಗೆ ಮಾತ್ರ ಸೋಲಾರ್ ನಿಜವಾಗಿ ದುಡಿಯುತ್ತದೆ.

ಮಾಡು ಏನು ಹೇಳುತ್ತದೆ?

ಎಷ್ಟು ಬೇಕು ಎಂದು ಗೊತ್ತಾದ ಮೇಲೆ ಅಷ್ಟು ಹಿಡಿಸುತ್ತದೆಯೇ ಎಂದು ಮೇಲೆ ಹತ್ತಿ ನೋಡಬೇಕು. ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ಈಗಿನ 540 ವ್ಯಾಟ್‌ನ ಪ್ಯಾನೆಲ್ ಆದರೆ 2 ಕಿಲೋವ್ಯಾಟ್‌ಗೆ ನಾಲ್ಕು, 3ಕ್ಕೆ ಆರು. ಹಪ್ಪಳ, ಕೊಬ್ಬರಿ, ಒಣಮೀನು ಒಣಗಿಸುವ ಜಾಗ, ಬಟ್ಟೆಯ ಹಗ್ಗ, ನೀರಿನ ಟ್ಯಾಂಕಿಗೆ ಹೋಗುವ ದಾರಿ ಎಲ್ಲವನ್ನೂ ಬಿಟ್ಟು ಲೆಕ್ಕ ಹಾಕಿ. ಇವು ಪ್ಯಾನೆಲ್ ಹಾಕುವವರಿಗೆ ನೆನಪಾಗುವುದಿಲ್ಲ, ಆಮೇಲೆ ತೊಂದರೆ ಪಡುವುದು ನಾವೇ.

ನೆರಳು ನೋಡುವುದು ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ತೆಂಗಿನ ಮರದ ನೆರಳು ಉದ್ದವಾಗಿ ಬೀಳುತ್ತದೆ. ಮೇ ತಿಂಗಳ ನಡು ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಆದ್ದರಿಂದ ಎರಡೂ ಕಾಲದಲ್ಲಿ ನೋಡಬೇಕು. ಒಂದು ಪ್ಯಾನೆಲ್‌ನ ಮೂಲೆಗೆ ಬಿದ್ದ ನೆರಳು ಅದೇ ಸಾಲಿನ ಉಳಿದವನ್ನೂ ಎಳೆಯಬಹುದು. ನೆರಳಿರುವ ಕಡೆ ಆರು ಪ್ಯಾನೆಲ್ ಹಾಕುವುದಕ್ಕಿಂತ ಬಿಸಿಲಲ್ಲಿ ನಾಲ್ಕು ಹಾಕುವುದು ಜಾಣತನ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13 ಡಿಗ್ರಿ ಇಳಿಜಾರಾಗಿದ್ದರೆ ನಮ್ಮೂರಿಗೆ ಸರಿ.

ಹೆಂಚಿನ ಮಾಡಿದ್ದರೆ ಹೆಂಚಿಗಲ್ಲ, ಅದರ ಕೆಳಗಿನ ಪಕ್ಕಾಸಿಗೆ ಭಾರ ಕೂರಬೇಕು. ಹಳೆಯ ಮರವಾದರೆ ಬಡಗಿಗೆ ಮೊದಲು ತೋರಿಸಿ. ಟೆರೇಸಿನ ಮೇಲೆ ಶೀಟ್ ಹಾಕಿಸಿದವರು ಅದರ ಕಬ್ಬಿಣ ತುಕ್ಕು ಹಿಡಿದಿದೆಯೇ ನೋಡಿ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಎಂದು ಇರುತ್ತದೆ. ಸೋಲಾರ್ ಅದಕ್ಕಿಂತ ಹೆಚ್ಚಾದರೆ ಲೋಡ್ ಏರಿಸಬೇಕಾಗಬಹುದು. ನಿಗದಿತ ಶುಲ್ಕ ಬರುವುದು ಲೋಡ್‌ನ ಕಿಲೋವ್ಯಾಟ್ ಲೆಕ್ಕದಲ್ಲೇ. ಸೋಲಾರ್ ಹಾಕಿದರೂ ಈ ಶುಲ್ಕ ತಪ್ಪುವುದಿಲ್ಲ. ‘ಬಿಲ್ ಪೂರ್ತಿ ಸೊನ್ನೆ’ ಎಂದು ಯಾರಾದರೂ ಹೇಳಿದರೆ ಇದನ್ನು ಕೇಳಿ.

ಕರೆಂಟ್ ಹೋದಾಗ ಸೋಲಾರ್ ಇದೆಯಲ್ಲ?

ಇಲ್ಲ! ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್, ಮೆಸ್ಕಾಂ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು ಎನ್ನುವುದಕ್ಕೆ ಈ ಏರ್ಪಾಡು. ಹರೀಶ್ ಹಂದೆಯವರ ಸೆಲ್ಕೋ ಸಂಸ್ಥೆ 1995ರಿಂದ ಹಳ್ಳಿಮನೆಗಳಿಗೆ ಹಾಕಿಕೊಟ್ಟ ಸೋಲಾರ್ ದೀಪ ಬೇರೆ ಬಗೆಯದು, ಅದರಲ್ಲಿ ಬ್ಯಾಟರಿ ಇರುತ್ತದೆ. ಮಳೆಗಾಲದಲ್ಲಿ ಗಾಳಿ ಬೀಸಿದಾಗಲೆಲ್ಲ ಕರೆಂಟ್ ಹೋಗುವ ನಮ್ಮ ಊರಿನಲ್ಲಿ, ಮನೆಯಲ್ಲಿ ಈಗಿರುವ ಇನ್ವರ್ಟರ್ ಬ್ಯಾಟರಿಯನ್ನು ಮಾರಿಬಿಡಬೇಡಿ. ಬ್ಯಾಟರಿ ಸಹಿತದ ಹೈಬ್ರಿಡ್ ವ್ಯವಸ್ಥೆ ಸಿಗುತ್ತದೆ, ಆದರೆ ಬೆಲೆ ಹೆಚ್ಚು.

ಹಾಕಿಸುವ ಮೊದಲು ಕೇಳಿ

* ವರ್ಷಕ್ಕೆ ಎಷ್ಟು ಯುನಿಟ್ ಬರುತ್ತದೆ? ಬಾಯಿಮಾತು ಬೇಡ, ತಿಂಗಳುವಾರು ಬರೆದು ಕೊಡಲಿ. ಜುಲೈಗೂ ಮಾರ್ಚ್‌ಗೂ ಒಂದೇ ಸಂಖ್ಯೆ ಬರೆದಿದ್ದರೆ ಅವರಿಗೆ ನಮ್ಮೂರ ಮಳೆ ಗೊತ್ತಿಲ್ಲ ಎಂದರ್ಥ.

* ಕಡಲ ಉಪ್ಪುಗಾಳಿಗೆ ಪ್ಯಾನೆಲ್ ಪರೀಕ್ಷೆಯಾಗಿದೆಯೇ? ಚೌಕಟ್ಟು ಗ್ಯಾಲ್ವನೈಸ್ ಮಾಡಿದ್ದೇ ಅಥವಾ ಅಲ್ಯೂಮಿನಿಯಂ ಆಗಿದೆಯೇ? ನಟ್ಟು ಬೋಲ್ಟು ಸ್ಟೀಲಿನದ್ದೇ? ಬರಿದೆ ಪೇಂಟ್ ಹೊಡೆದ ಕಬ್ಬಿಣ ಉಳ್ಳಾಲದ ಗಾಳಿಗೆ ಹೆಚ್ಚು ದಿನ ಬಾಳುವುದಿಲ್ಲ.

* ಅರ್ಥಿಂಗ್ ಮತ್ತು ಸಿಡಿಲು ರಕ್ಷಕ ಸೇರಿದೆಯೇ?

* ಪ್ಯಾನೆಲ್‌ಗೆ, ಇನ್ವರ್ಟರ್‌ಗೆ ಎಷ್ಟು ವರ್ಷದ ವಾರಂಟಿ? ಇನ್ವರ್ಟರ್ ಪ್ಯಾನೆಲ್‌ನಷ್ಟು ವರ್ಷ ಬಾಳುವುದಿಲ್ಲ. ಮಧ್ಯದಲ್ಲಿ ಒಮ್ಮೆ ಬದಲಿಸುವ ಖರ್ಚನ್ನು ಎತ್ತಿಡಿ.

* ಹೆಚ್ಚಾದ ಯುನಿಟ್‌ಗೆ ದರ ಎಷ್ಟು, ಹೇಗೆ ಹೊಂದಿಸುತ್ತಾರೆ? ಮೆಸ್ಕಾಂ ಕರಾರು ಪತ್ರವನ್ನು ಸಹಿ ಹಾಕುವ ಮೊದಲು ಓದಿ.

ಹಾಕಿಸಿದ ಮೇಲೆ ಮಳೆಗಾಲದಲ್ಲಿ ತೊಳೆಯುವ ಕೆಲಸವಿಲ್ಲ, ಮಳೆಯೇ ತೊಳೆಯುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲೇರುವ ಮೊದಲು ಸಿಹಿನೀರು ಹಾಕಿ ಮೆತ್ತಗೆ ಒರೆಸಿದರಾಯಿತು. ಬಾವಿಯಲ್ಲಿ ಉಪ್ಪುನೀರು ಬರುವ ಕಡಲ ಬದಿಯ ಮನೆಯವರು ಆ ನೀರು ಬಳಸಬೇಡಿ, ಕಲೆ ಕೂರುತ್ತದೆ.

ಇಷ್ಟು ಓದಿದ ಮೇಲೆ ಲೆಕ್ಕ ಸರಳ ಅಂತ ಅನಿಸುತ್ತಿದೆಯಲ್ಲವೇ? ಹನ್ನೆರಡು ತಿಂಗಳ ಯುನಿಟ್ ಕೂಡಿ, ಉಳಿಸಬಹುದಾದ್ದನ್ನು ಕಳೆಯಿರಿ, ಮುಂದೆ ಬರುವುದನ್ನು ಸೇರಿಸಿ, 1,200ರಿಂದ ಭಾಗಿಸಿ. ಬಂದ ಸಂಖ್ಯೆ ಎರಡು ಕಿಲೋವ್ಯಾಟ್‌ಗಳ ನಡುವೆ ನಿಂತರೆ ಕೆಳಗಿನದನ್ನೇ ಆರಿಸಿ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿಡಿ. ಇನ್ನು ಮುಂದೆ ಯಾರು ಬಾಗಿಲು ತಟ್ಟಿ ಐದು ಹಾಕಿಸಿ, ಆರು ಹಾಕಿಸಿ ಎಂದರೂ, “ನಮಗೆ ಬೇಕಾದ್ದು ಇಷ್ಟು. ಇದಕ್ಕೆ ನಿಮ್ಮ ರೇಟ್ ಹೇಳಿ” ಎಂದು ಕೇಳುವವರು ನೀವಾಗಿರುತ್ತೀರಿ.